ನಮ್ಮ ಎಕನಾಮಿಕ್ಸ್ ಮೇಷ್ಟ್ರು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಹೋಗಿಬಿಟ್ಟರು. ಮೊದಲು ನನಗೆ ಪಾಠ ಮಾಡಿದವರು, ಆಮೇಲೆ ಅದೇ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವರು. ಸಹೋದ್ಯೋಗಿಯಾದ ಮೇಲೂ ನನ್ನ ಬಾಯಲ್ಲಿ ‘ಸರ್’ ಬಿಟ್ಟು ಬೇರೆ ಬರಲಿಲ್ಲ. ಅವರು ಮಾತ್ರ ‘ಬಾರಪ್ಪ, ಟೀ ಕುಡಿಯಾಣ’ ಅಂತಿದ್ದರು.

ಬೆಲೆಯ ಪಾಠ ಅವರಲ್ಲಿ ಶುರುವಾಗುತ್ತಿದ್ದುದೇ ಈರುಳ್ಳಿಯಿಂದ. ಈ ಸಲ ರೇಟ್ ಏರಿತು ಅಂತ ಮುಂದಿನ ಹಂಗಾಮಿಗೆ ಊರೆಲ್ಲ ಈರುಳ್ಳಿಯನ್ನೇ ಹಾಕುತ್ತೆ. ಮಾಲು ಒಟ್ಟಿಗೆ ಬಂದು ರೇಟ್ ಬೀಳುತ್ತೆ. ಎಲ್ಲರೂ ಕೈಬಿಡುತ್ತಾರೆ, ಮತ್ತೆ ಏರುತ್ತೆ. ಬೇಡಿಕೆ, ಪೂರೈಕೆಯ ಗೆರೆಗಳ ನಡುವೆ ಚಾಕ್‌ಪೀಸ್ ಸುತ್ತಿ ಸುತ್ತಿ ಬೋರ್ಡಿನ ಮೇಲೆ ಜೇಡರ ಬಲೆ ಮೂಡುತ್ತಿತ್ತು, ಅಂಗಿಯ ಬಲತೋಳೆಲ್ಲ ಬಿಳಿ ಧೂಳು. ‘ರೈತನಿಗೆ ಗೊತ್ತಾಗಲ್ಲ ಅಂತ ಬರೀಬೇಡ್ರಪ್ಪ, ಬಿತ್ತೋ ದಿನ ಅವನ ಕೈಯಾಗಿರೋದು ಹಳೇ ರೇಟ್ ಒಂದೇ’ ಅನ್ನುವರು. ಜಗಳೂರು, ಚಳ್ಳಕೆರೆ ಕಡೆಯ ಹುಡುಗರು ಆಗ ನೆಟ್ಟಗೆ ಕೂರುತ್ತಿದ್ದರು.

ನಮ್ಮ ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ರಚನಾತ್ಮಕ ನಿರುದ್ಯೋಗದ, ಅಂದರೆ ಉದ್ಯಮದ ಸ್ವರೂಪವೇ ಬದಲಾಗಿ ಕೆಲಸ ಹೋಗುವುದರ, ಪಾಠ ಬಂದಾಗ ಸರ್ ದನಿ ತಗ್ಗಿಸುತ್ತಿದ್ದರು, ಗಿರಣಿ ಕೆಲಸ ಕಳೆದುಕೊಂಡವರ ಮಕ್ಕಳು ಎದುರಿಗೇ ಇದ್ದರಲ್ಲ. ಅಷ್ಟು ಸೂಕ್ಷ್ಮ ಇದ್ದ ಮೇಷ್ಟ್ರನ್ನು ನಾನು ಬೇರೆ ಕಂಡಿಲ್ಲ.

ಅವರು ಪಾಠ ಮಾಡುತ್ತಿದ್ದ ಪೇಪರ್ ಈಗ ನನಗೆ ಬಂದಿದೆ. ಈ ಸಲ ಮೆಕ್ಕೆಜೋಳದ ರೇಟ್ ಹಿಡಿದು ಶುರು ಮಾಡೋಣ ಅಂತಿದ್ದೇನೆ. ಸರ್ ಕ್ಲಾಸಿನ ನೋಟ್ಸ್ ಯಾರ ಹತ್ತಿರವಾದರೂ ಉಳಿದಿದ್ದರೆ ದಯವಿಟ್ಟು ಒಂದು ಜೆರಾಕ್ಸ್ ಕಳಿಸಿ.