ಜನವರಿ 4ರ ಖಾಲಿ ಜಾಗ

ಕಾರವಾರದ ನಮ್ಮ ಮನೆಯಲ್ಲಿ ಅಮೆರಿಕದ ಭಯಾನಕ ಕಥೆಗಳ ಲೇಖಕ ಎಡ್ಗರ್ ಅಲನ್ ಪೋ ಬರೆದ ಪುಸ್ತಕ ಇರುವುದು ಒಂದೇ; ಅವನ ಬೆನ್ನು ಹತ್ತಿ ಬೇರೆಯವರು ಬರೆದ ಪುಸ್ತಕಗಳು ಮಾತ್ರ ಕಪಾಟಿನ ಎರಡು ಹಲಗೆಗಳನ್ನು ತುಂಬಿವೆ. ಮೂಲವನ್ನು ಬಿಟ್ಟು ನೆರಳನ್ನು ಕೂಡಿಡುವ ನನ್ನ ಈ ಚಟಕ್ಕೆ ಕಾರಣ ಅವನು ಮುಗಿಸದೆ ಹೋದ ಒಂದು ಕಥೆ.

1849ರಲ್ಲಿ ತೀರಿಕೊಂಡ ಪೋನ ಕೊನೆಯ ಬರಹಗಳಲ್ಲೊಂದು ಎನ್ನಲಾಗುವ ಆ ಕಥೆ, ನಾಯಿಯೊಂದನ್ನು ಜೊತೆಗಿಟ್ಟುಕೊಂಡು ಒಂಟಿಯಾಗಿ ದೀಪಸ್ತಂಭ ಕಾಯಲು ಹೋದವನ ದಿನಚರಿ. 1796ರ ಜನವರಿ 1, 2 ಮತ್ತು 3ರ ಬರಹಗಳು ಅದರಲ್ಲಿವೆ. ಮೂರನೆಯ ದಿನ ಅವನು, ಗೋಡೆ 4 ಅಡಿ ದಪ್ಪವಿದೆ, ಯಾವ ಕಡಲೂ ಇದನ್ನು ಅಲುಗಿಸಲಾರದು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು, ಆಮೇಲೆ ಗೋಪುರದ ಬುಡ ಮಾತ್ರ ಬಳಪದಂಥ ಮಿದುಗಲ್ಲಿನ ಮೇಲೆ ನಿಂತಂತಿದೆ ಎಂದು ಬರೆಯುತ್ತಾನೆ. ಅದರ ಕೆಳಗೆ ಜನವರಿ 4 ಎಂಬ ತಲೆಬರಹವಿದೆ, ಮುಂದೆ ಏನೂ ಇಲ್ಲ.

ನಮ್ಮೂರ ಕಡಲಿನ ದೇವಗಡ ದ್ವೀಪದಲ್ಲಿ 1864ರಲ್ಲಿ ಹೊತ್ತಿಸಿದ ದೀಪವನ್ನು ಚಿಕ್ಕಂದಿನಿಂದ ದಡದಲ್ಲಿ ನಿಂತು ನೋಡುತ್ತ, ಆಷಾಢದಲ್ಲಿ ದೋಣಿಗಳೆಲ್ಲ ಮೇಲೆ ಬಂದ ಮೇಲೆ ಅಲ್ಲಿ ಉಳಿದವರ ರಾತ್ರಿ ಹೇಗಿರಬಹುದೆಂದು ಯೋಚಿಸಿದವನಿಗೆ ಆ ಖಾಲಿ ಜಾಗ ಸುಮ್ಮನಿರಲು ಬಿಡಲಿಲ್ಲ.

ಸುಮ್ಮನಿರಲಾಗದವರು ಬೇರೆಯವರೂ ಇದ್ದರು. ರಾಬರ್ಟ್ ಬ್ಲಾಕ್ 1953ರಲ್ಲಿ ಕಥೆಯನ್ನು ಮುಗಿಸಿಕೊಟ್ಟ. ಬೆಸುಗೆ ಕಾಣದಂತೆ ಬರೆದ ಅವನ ಕೈಚಳಕ ಮೆಚ್ಚಬೇಕಾದದ್ದೇ, ಆದರೆ ಬಾಗಿಲು ಮುಚ್ಚಿದ ಮೇಲೆ ಭಯವೂ ಒಳಗೇ ಉಳಿಯಿತು ಎಂಬುದು ನನ್ನ ತಕರಾರು. 2008ರ ಸಂಕಲನವೊಂದರಲ್ಲಿ ಜಾಯ್ಸ್ ಕರೋಲ್ ಓಟ್ಸ್ ಪೋನನ್ನೇ ದೀಪಸ್ತಂಭದಲ್ಲಿ ಕೂರಿಸಿ, ದಿನಚರಿಯನ್ನು ಅವನು ಸತ್ತ ದಿನವಾದ 1849ರ ಅಕ್ಟೋಬರ್ 7ರಿಂದಲೇ ಆರಂಭಿಸುತ್ತಾರೆ. ತನ್ನ ಸಾವಿನ ಸುದ್ದಿಯೇ ತಲುಪದವನಂತೆ ಅವನು ಉತ್ಸಾಹದಿಂದ ಬರೆಯತೊಡಗುವುದನ್ನು ಓದಿದ ರಾತ್ರಿ ನಾನು ಕಿಟಕಿ ಮುಚ್ಚಿ ಮಲಗಿದೆ, ಅದೂ ಏಪ್ರಿಲ್‌ನ ಸೆಕೆಯಲ್ಲಿ.

ಪೋನ ಏಕೈಕ ಪೂರ್ಣ ಕಾದಂಬರಿ, 1838ರ ಸಮುದ್ರಯಾನದ ಕಥೆಯನ್ನು ಜೂಲ್ಸ್ ವರ್ನ್ 1897ರಲ್ಲಿ ಮುಂದುವರಿಸಿದ್ದೂ ನನ್ನಲ್ಲಿದೆ. ಅದರಲ್ಲಿ ಭೂಗೋಳ ಹೆಚ್ಚು, ನಡುಕ ಕಡಿಮೆ.

ಇಲ್ಲಿಯ ಮಳೆಗಾಲ ಪುಸ್ತಕಗಳಿಗೆ ದೊಡ್ಡ ಶತ್ರು. ಜೂನ್ ಕಳೆಯುವುದರೊಳಗೆ ರಟ್ಟಿನ ಮೇಲೆ ಬೂಷ್ಟು ಹಿಡಿಯುವುದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹರಡುತ್ತೇನೆ. ಪೋ ಬಿಟ್ಟ ಅದೇ ತುಣುಕನ್ನು ಹಲವು ಲೇಖಕರು ತಮ್ಮ ತಮ್ಮ ಕಥೆಗಳಿಗೆ ಬಳಸಿಕೊಂಡ, ಕ್ರಿಸ್ಟೋಫರ್ ಕಾನ್ಲನ್ ಸಂಪಾದಿಸಿದ 2006ರ ಸಂಕಲನವೊಂದು ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಅದಕ್ಕೆಂದು ಹಲಗೆಯ ತುದಿಯಲ್ಲಿ ಬಿಟ್ಟ ಜಾಗದಲ್ಲಿ ಸದ್ಯ ನುಸಿಗುಳಿಗೆಯ ಡಬ್ಬಿ ಕುಳಿತಿದೆ.