ತಂದೆಯ ಪಾತ್ರದಲ್ಲಿ ಪೀಟ್ ಪಾಸಲ್‌ಥ್ವೇಟ್

‘ಇನ್ ದ ನೇಮ್ ಆಫ್ ದ ಫಾದರ್’ (1993) ಚಿತ್ರವನ್ನು ಈ ವಾರ ಮತ್ತೊಮ್ಮೆ ನೋಡಿದ ಮೇಲೆ, ನಾಯಕನಾಗಿ ನಟಿಸಿದ ಡೇನಿಯಲ್ ಡೇ-ಲೂಯಿಸ್‌ಗಿಂತ ಹೆಚ್ಚಾಗಿ ಅವನ ತಂದೆಯಾಗಿ ಕಾಣಿಸಿಕೊಂಡ ಪೀಟ್ ಪಾಸಲ್‌ಥ್ವೇಟ್ ಅವರೇ ಮನಸ್ಸಿನಲ್ಲಿ ಉಳಿದಿದ್ದಾರೆ. ಮಗನಿಗೆ ನೆರವಾಗಲು ಬೆಲ್‌ಫಾಸ್ಟಿನಿಂದ ಲಂಡನ್ನಿಗೆ ಹೊರಟು, ಮಾಡದ ಅಪರಾಧಕ್ಕೆ ತಾನೂ ಸೆರೆಮನೆ ಸೇರಿ ಅಲ್ಲಿಯೇ ಕುಗ್ಗುತ್ತ ಹೋಗುವ ಜ್ಯುಸೆಪ್ಪೆ ಕಾನ್ಲನ್‌ನನ್ನು ಅವರು ದನಿಯೇರಿಸದೆ, ಬಹುಪಾಲು ಉಸಿರಾಟದ ಏರಿಳಿತದಲ್ಲಿಯೇ ಕಟ್ಟಿಕೊಟ್ಟಿದ್ದಾರೆ. ತೆರೆಯ ಮೇಲಿನ ಈ ತಂದೆ ಮಗನಿಗಿಂತ ನಿಜದಲ್ಲಿ ಕೇವಲ 11 ವರ್ಷ ಹಿರಿಯರೆಂದರೆ ನಂಬುವುದು ಕಷ್ಟ. ಅತ್ಯುತ್ತಮ ಪೋಷಕ ನಟನ ಆಸ್ಕರ್‌ಗೆ ಅವರು ನಾಮನಿರ್ದೇಶನಗೊಂಡರು, ಪ್ರಶಸ್ತಿ ಬರಲಿಲ್ಲ.

1946ರಲ್ಲಿ ವಾರಿಂಗ್ಟನ್‌ನಲ್ಲಿ ಹುಟ್ಟಿದ ಅವರು ಕೆಲಕಾಲ ಶಿಕ್ಷಕರಾಗಿದ್ದು, ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆಯಲ್ಲಿ ಕಲಿತು, 1970ರ ದಶಕದಲ್ಲಿ ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರದಲ್ಲಿ ಜೂಲಿ ವಾಲ್ಟರ್ಸ್, ಬಿಲ್ ನೈ ಮುಂತಾದವರ ಜೊತೆಯಲ್ಲಿ ಪಳಗಿದರು. ‘ದ ಯೂಶುವಲ್ ಸಸ್ಪೆಕ್ಟ್ಸ್’ (1995) ಚಿತ್ರದ ತಣ್ಣನೆಯ ವಕೀಲ ಕೊಬಯಾಶಿಯೂ, ‘ಬ್ರಾಸ್ಡ್ ಆಫ್’ (1996) ಚಿತ್ರದಲ್ಲಿ ಗಣಿ ಕಾರ್ಮಿಕರ ವಾದ್ಯವೃಂದವನ್ನು ನಡೆಸುವ ಹಟಮಾರಿ ಡ್ಯಾನಿಯೂ ಒಬ್ಬರೇ ನಟರೆಂದು ಹೇಳಿಕೊಡಬೇಕಾಗುತ್ತದೆ, ಆ ಎದ್ದುಕಾಣುವ ಕೆನ್ನೆಮೂಳೆಗಳು ಗುಟ್ಟು ಬಿಟ್ಟುಕೊಡದಿದ್ದರೆ! ಸಿನಿಮಾ ಕೀರ್ತಿಯ ನಂತರವೂ 2008ರಲ್ಲಿ ಅವರು ಶೇಕ್ಸ್‌ಪಿಯರನ ನಾಟಕದ ಲಿಯರ್ ದೊರೆಯಾಗಲು ಆರಿಸಿಕೊಂಡದ್ದು ಲಂಡನ್ನಿನ ವೇದಿಕೆಯನ್ನಲ್ಲ, ಅದೇ ಎವ್ರಿಮನ್‌ ಅನ್ನು. 2011ರ ಜನವರಿಯಲ್ಲಿ ತೀರಿಕೊಳ್ಳುವ ಹಿಂದಿನ ವರ್ಷ ‘ಇನ್ಸೆಪ್ಷನ್’ನಲ್ಲಿ ಸಿಕ್ಕದ್ದೂ ತಂದೆಯ ಪಾತ್ರವೇ, ಹಾಸಿಗೆ ಹಿಡಿದ ಒಬ್ಬ ಶ್ರೀಮಂತನದು, ಅಷ್ಟು ಚಿಕ್ಕ ಪಾತ್ರವಾದರೂ ಆ ಚಿತ್ರದಲ್ಲಿ ನನಗೆ ಅತ್ಯಂತ ನಿಜವೆನಿಸಿದ್ದು ಅದೇ.