ಐವತ್ತು ವರ್ಷ ಕರಿ ಕೋಟು ತೊಟ್ಟವರಿಗೆ ಸನ್ಮಾನ ಮಾಡುವುದು ಹೇಗೆ?

ವಕೀಲರ ಸಂಘಗಳಿಗೆ ಹೊಸದಾಗಿ ಆಯ್ಕೆಯಾದ ಪದಾಧಿಕಾರಿಗಳು ಕೇಳುವುದು ಬಹುತೇಕ ಒಂದೇ ಪ್ರಶ್ನೆ: "ನಮ್ಮಲ್ಲಿ ಐವತ್ತು ವರ್ಷ ಪೂರೈಸಿದ ಹಿರಿಯರಿದ್ದಾರೆ, ಸನ್ಮಾನ ಮಾಡಬೇಕು. ಎಂಥ ಶಾಲು ತರೋಣ, ಪೇಟ ಎಲ್ಲಿ ಸಿಗುತ್ತದೆ, ಯಾರನ್ನು ಕರೆಯೋಣ?" ಶಾಲು, ಪೇಟ ಒಂದು ಸಂಜೆಯ ಪೇಟೆ ಕೆಲಸ. ಎರಡು ತಿಂಗಳು ಮುಂಚೆ ಶುರುವಾಗಬೇಕಾದದ್ದು ಕಾಗದದ ಕೆಲಸ. ಅದರ ಬಗ್ಗೆ ಕೇಳುವವರು ಕಡಿಮೆ.

ಮೊದಲು ಸನ್ನದು, ಅಂದರೆ ವಕೀಲರಾಗಿ ನೋಂದಾಯಿಸಿಕೊಂಡಾಗ ಬಾರ್ ಕೌನ್ಸಿಲ್ ಕೊಟ್ಟ ಪತ್ರ, ತರಿಸಿ ನೋಡಿ. ಐವತ್ತು ವರ್ಷ ಎಂಬುದು ಬಾಯಿಲೆಕ್ಕ ಆಗಬಾರದು, ನೋಂದಣಿ ದಿನಾಂಕವೇ ಆಧಾರ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಸನ್ನದಿನಲ್ಲಿ ಮೈಸೂರು ಎಂದಿದ್ದರೆ ಗಾಬರಿ ಬೇಡ. ಹೆಸರನ್ನೂ ಅದರಿಂದಲೇ ಇಳಿಸಿಕೊಳ್ಳಿ. ಕೋರ್ಟಿನಲ್ಲಿ ಕರೆಯುವ ಹೆಸರೇ ಬೇರೆ, ಸನ್ನದಿನ ಹೆಸರೇ ಬೇರೆ ಇರುವುದುಂಟು. ಇನಿಷಿಯಲ್ ತಪ್ಪಿದ ಬಿನ್ನವತ್ತಳೆ (ಓದಿ ಕೊಡುವ ಸನ್ಮಾನ ಪತ್ರ) ಗೋಡೆ ಏರುವುದಿಲ್ಲ, ಮಂಚದ ಕೆಳಗೆ ಸೇರುತ್ತದೆ.

ನಡುವೆ ಕೆಲವು ವರ್ಷ ಸರ್ಕಾರಿ ನೌಕರಿಯಲ್ಲೋ ನ್ಯಾಯಾಧೀಶರಾಗಿಯೋ ಇದ್ದು ಬಂದವರ ವಿಷಯ ಸೂಕ್ಷ್ಮ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದವರು ಅಷ್ಟು ಕಾಲ ವಕೀಲಿ ನಿಲ್ಲಿಸಬೇಕು ಎಂಬುದು ಸಾಮಾನ್ಯ ನಿಯಮ. ಅಂಥವರಿಗೆ "ಐವತ್ತು ವರ್ಷದ ವಕೀಲಿ" ಎನ್ನದೆ "ಸನ್ನದು ಪಡೆದು ಐವತ್ತು ವರ್ಷ" ಎಂದು ಬರೆದರೆ ಸುಳ್ಳೂ ಆಗದು, ಯಾರಿಗೂ ಮುಜುಗರವೂ ಆಗದು. ಯಾವ ಅಳತೆ ಹಿಡಿದಿದ್ದೀರಿ ಎಂಬುದನ್ನು ಕಾರ್ಯಕಾರಿ ಸಮಿತಿಯ ನಡಾವಳಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷದ ಸಮಿತಿ ಬೇರೆ ಅಳತೆ ಹಿಡಿಯುತ್ತದೆ, ಬಿಟ್ಟುಹೋದವರು ಸಂಘದ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾರೆ.

ವೇದಿಕೆಯಲ್ಲಿ ಯಾರಿಗೆ ಮೊದಲು? ಇದಕ್ಕೆ ಉತ್ತರ 1961ರ ವಕೀಲರ ಕಾಯ್ದೆಯಲ್ಲೇ ಇದೆ. ಜ್ಯೇಷ್ಠತೆಯ ದಿನಾಂಕ ಒಂದೇ ಆಗಿದ್ದರೆ ವಯಸ್ಸಿನಲ್ಲಿ ದೊಡ್ಡವರೇ ಹಿರಿಯರು ಎನ್ನುತ್ತದೆ 21ನೇ ಕಲಂ. ಒಂದೇ ದಿನ ಹಲವರು ಸನ್ನದು ಪಡೆಯುವುದರಿಂದ ಈ ಸಂದರ್ಭ ಆಗಾಗ ಬರುತ್ತದೆ. ಕಾಯ್ದೆ ತೋರಿಸಿದರೆ ವಕೀಲರು ವಾದಿಸುವುದಿಲ್ಲ ಎಂದಲ್ಲ, ಆದರೆ ವಾದ ಬೇಗ ಮುಗಿಯುತ್ತದೆ.

ಇನ್ನು ಬಿನ್ನವತ್ತಳೆ. ಹೆಚ್ಚು ಎಡವುವುದು ಇಲ್ಲೇ. "ಇಂಥ ಕೊಲೆ ಕೇಸು ಗೆದ್ದವರು", "ಇಂಥ ಮನೆತನದ ಆಸ್ತಿ ಉಳಿಸಿಕೊಟ್ಟವರು" ಎಂದು ಬರೆಯಬೇಡಿ. ವಕೀಲರು ತಮ್ಮ ಪ್ರಚಾರ ಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಗೆದ್ದ ಕೇಸುಗಳ ಪಟ್ಟಿ ಹೊತ್ತ ಫ್ಲೆಕ್ಸನ್ನು ಕೋರ್ಟಿನ ಗೇಟಿಗೆ ಕಟ್ಟಿದರೆ ಸನ್ಮಾನಿತರಿಗೇ ಇರಿಸುಮುರಿಸು. ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲ ಗುಟ್ಟಾಗಿಡಬೇಕು ಎಂಬ ಕಟ್ಟುಪಾಡು, ಕೇಸು ಮುಗಿದ ಮೇಲೂ ಮುಗಿಯುವುದಿಲ್ಲ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂನಲ್ಲಿದೆ. ಅಭಿಮಾನದ ಭಾಷಣಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಹಾಗಾದರೆ ಬರೆಯುವುದೇನು? ಸಂಘಕ್ಕೆ ಮಾಡಿದ್ದನ್ನು. ಖಜಾಂಚಿಯಾಗಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಲೆಕ್ಕ ಇಟ್ಟರು, ಗ್ರಂಥಾಲಯಕ್ಕೆ ತೀರ್ಪುಗಳ ಯಾವ ವರದಿ ಸಂಪುಟಗಳನ್ನು ಕೊಟ್ಟರು, ಅವರ ಆಫೀಸಿನಲ್ಲಿ ಕೆಲಸ ಕಲಿತ ಜೂನಿಯರುಗಳು ಯಾರು ಯಾರು. ಈ ಕೊನೆಯ ಪಟ್ಟಿಯೇ ಬಂಗಾರ. ಒಬ್ಬೊಬ್ಬರಿಂದಲೂ ಸೇರಿದ ವರ್ಷ ಕೇಳಿ ಬರೆದುಕೊಳ್ಳಿ, ಒಂದು ಪ್ರತಿ ಸಂಘದ ಕಡತದಲ್ಲಿರಲಿ. ಸಂತಾಪ ಸೂಚಕ ಸಭೆಗೆಂದು ಹೊಗಳಿಕೆ ಕೂಡಿಟ್ಟುಕೊಳ್ಳುವುದು ನಮ್ಮ ವೃತ್ತಿಯ ಹಳೇ ಚಾಳಿ. ಅಲ್ಲಿ ಹೇಳುವುದನ್ನು ಅವರ ಕಿವಿಗೆ ಬೀಳುವಾಗಲೇ ಹೇಳಬಹುದು.

ಓದಲು ಎರಡು ನಿಮಿಷ ಹಿಡಿಯುವಷ್ಟಿರಲಿ, ಸುಮಾರು 150 ಪದ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಮುದ್ರಣದವರ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರಗಳೆಲ್ಲ ಕಲಸಿಹೋಗಬಹುದು. ಆದ್ದರಿಂದ ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಕಳಿಸಿ, ಕಾಗದದ ಮೇಲೆ ಒಂದು ಕರಡು ತರಿಸಿ ಸನ್ಮಾನಿತರ ಮನೆಯವರಿಗೇ ತೋರಿಸಿ. ಚೌಕಟ್ಟಿಗೆ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿ. ಎಂಬತ್ತು ದಾಟಿದ ಕೈಗೆ ಗಾಜಿನ ಭಾರ ಹೆಚ್ಚು.

ಕಾರ್ಯಕ್ರಮದ ದಿನ ಕಲ್ಯಾಣ ಮಂಟಪಕ್ಕೆ ಕೊರಳಿನ ಬಿಳಿ ಬ್ಯಾಂಡು, ಗೌನು ತೊಟ್ಟು ಬರಹೇಳಬೇಡಿ. ನ್ಯಾಯಾಲಯದ ಹೊರಗೆ ಸಾರ್ವಜನಿಕ ಸ್ಥಳದಲ್ಲಿ ಅವನ್ನು ಧರಿಸಲು ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಪೇಟಕ್ಕೆ ತಲೆಯ ಸುತ್ತಳತೆ ಮೊದಲೇ ತೆಗೆದುಕೊಳ್ಳಿ. ಒಂದೇ ಅಳತೆಯ ಹತ್ತು ಪೇಟ ತಂದರೆ ಅರ್ಧ ಕಣ್ಣಿಗಿಳಿಯುತ್ತವೆ, ಇನ್ನರ್ಧ ನೆತ್ತಿಯ ಮೇಲೆ ಕೂರುತ್ತವೆ. ಹಿರಿಯ ವಕೀಲೆಯರಿಗೆ ಪೇಟ ಬೇಕೋ ಬೇಡವೋ ಅವರನ್ನೇ ಕೇಳಿ. ಗುಲಾಬಿ ಹಾರದ ನೀರು ಬಿಳಿ ಅಂಗಿಗೆ ಕಲೆ ಮಾಡುತ್ತದೆ, ಹಾವೇರಿಯ ಏಲಕ್ಕಿ ಹಾರವಾದರೆ ಆ ತೊಂದರೆಯಿಲ್ಲ.

ಕರೆತಂದು ಕೂರಿಸಿ, ಹೊದಿಸಿ, ಓದಿ, ಫೋಟೊ ತೆಗೆಯುವಷ್ಟರಲ್ಲಿ ಒಬ್ಬರಿಗೆ ಏಳು ನಿಮಿಷ. ಹತ್ತು ಜನರಾದರೆ ಒಂದು ಗಂಟೆ ದಾಟಿತು. ಐದು ಜನಕ್ಕೆ ನಿಲ್ಲಿಸಿ, ಉಳಿದವರಿಗೆ ಬೇರೆ ದಿನ ಗೊತ್ತು ಮಾಡಿ. ಸನ್ಮಾನ ಭಾಷಣಗಳಿಗಿಂತ ಮೊದಲು ಆಗಲಿ, ಸಕ್ಕರೆ ಕಾಯಿಲೆಯವರು ರಾತ್ರಿ ಒಂಬತ್ತರವರೆಗೆ ಕಾಯಲಾರರು. ಡಿಸೆಂಬರ್ 3ರ ವಕೀಲರ ದಿನವೇ ಬೇಕೆಂದರೆ ಅತಿಥಿಗಳು ಸಿಗುವುದು ಕಷ್ಟ, ಎಲ್ಲ ಸಂಘಗಳೂ ಅದೇ ದಿನಕ್ಕೆ ಕರೆಯುತ್ತವೆ.

ಹಮ್ಮಿಣಿ ಕೊಡುವುದಾದರೆ ಚೆಕ್ಕಿನಲ್ಲಿ ಕೊಡಿ. ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಉಡುಗೊರೆ ಹಣ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದಷ್ಟಕ್ಕೆ ಮಾತ್ರವಲ್ಲ, ಇಡೀ ಮೊತ್ತಕ್ಕೆ ತೆರಿಗೆ ಬೀಳುತ್ತದೆ. ಇದನ್ನು ಅವರಿಗೆ ಮೊದಲೇ ತಿಳಿಸಿ.

ಸನ್ನದಿನ ಪ್ರತಿ ಕೈಯಲ್ಲಿರುವಾಗಲೇ ಇನ್ನೊಂದು ಕೆಲಸ ಮುಗಿಸಿಬಿಡಿ. 1983ರ ಕಾಯ್ದೆಯಡಿ ಇರುವ ವಕೀಲರ ಕಲ್ಯಾಣ ನಿಧಿಗೆ ಅವರು ಸದಸ್ಯರೇ, ನಾಮಿನಿ ಹೆಸರು ಈಗಲೂ ಸರಿಯಿದೆಯೇ ಎಂದು ನೋಡಿ. ಎಷ್ಟೋ ದಶಕದ ಹಿಂದೆ ಬರೆದ ನಾಮಿನಿ ಈಗ ಬದುಕಿಲ್ಲದೆ ಇರಬಹುದು. ಹಾಗೇ ಸನ್ಮಾನಿತರ ಆಫೀಸಿನ ಗುಮಾಸ್ತರಿಗೂ ಒಂದು ಶಾಲು ಎತ್ತಿಡಿ, ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರೂ ಅಚ್ಚಾಗಲಿ.